ಮನೆಯಲ್ಲಿಯೇ ವೃದ್ಧರ ಶುಶ್ರೂಷೆ

ಕಡೂರಿನಿಂದ ವಾಚಕ ಸೋದರಿಯೊಬ್ಬರು ಬರೆದಿರುವ ಕಾಗದವು ನಮ್ಮ ಮುಂದಿದೆ. ಅವರ ಅತ್ತೆಯವರಿಗೆ ಎಂಬತ್ತು ದಾಟಿತು. ಪತಿಯ ಉದ್ಯೋಗವು ಬೆಂಗಳೂರಿನಲ್ಲಿ. ತೆಂಗಿನ ತೋಟವನ್ನೂ ಬಾಳಿದ ಮನೆಯನ್ನೂ ಬಿಟ್ಟು ಬರಲು ಆ ವೃದ್ಧೆಯು ಒಲ್ಲರು. ಸಂಬಳ ಗೊತ್ತುಮಾಡಿಕೊಂಡು ಮನೆಗೆ ಶುಶ್ರೂಷಕರನ್ನು ಕಳುಹಿಸುವ ಸಂಸ್ಥೆಗಳು ಹಲವಿವೆಯಂತೆ, ಯಾವುದನ್ನು ನಂಬಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯು ನಮ್ಮ ಸೀಮೆಯಲ್ಲಿ ಈಗ ಮನೆಮನೆಯದೂ ಆಗಿದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ರೈಲು ಬರುವುದೊಂದು ಭಾಗ್ಯವೆಂದು ನಾವು ಹೆಮ್ಮೆಪಡುತ್ತಿದ್ದುದುಂಟು. ಆ ರೈಲೇ ನಮ್ಮ ಮಕ್ಕಳನ್ನು ಕರೆದೊಯ್ದಿತು.

ಶುಶ್ರೂಷೆ ಎಂಬ ಶಬ್ದದ ವಿಚಾರವನ್ನು ಮೊದಲು ಹೇಳಿಬಿಡುವೆವು. ಹಳೆಯ ಉಪಾಧ್ಯಾಯರ ಚಾಳಿ, ವಾಚಕರು ಕ್ಷಮಿಸಬೇಕು. ಕೇಳುವುದೆಂಬರ್ಥದ ಶ್ರು ಧಾತುವಿಗೆ ಇಚ್ಛೆಯನ್ನು ಸೂಚಿಸುವ ಸನ್ ಪ್ರತ್ಯಯವು ಸೇರಿ ಈ ಪದವಾಯಿತು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ; ಸೇವೆಯೆಂಬುದು ಅನಂತರ ಬಂದ ಅರ್ಥ. ಮೂವತ್ತು ವರ್ಷ ಇದನ್ನು ಹುಡುಗರಿಗೆ ಪಾಠ ಹೇಳಿದೆವು. ಆದರೆ ಇದರ ತಾತ್ಪರ್ಯವು ನಮಗೇ ತಿಳಿದುದು ಇತ್ತೀಚೆಗೆ.

ಅಜ್ಜಂಪುರದಲ್ಲಿರುವ ನಮ್ಮ ಅಗ್ರಜರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದವು, ಮಾತು ತೊದಲಾಯಿತು. ಅವರ ಮಗನು ದೂರದಲ್ಲಿರುವವನು. ಅವನೂ ನಾವೂ ಸೇರಿ ನಗರದ ಸಂಸ್ಥೆಯೊಂದಕ್ಕೆ ಮುಂಗಡ ಹಣ ಕಟ್ಟಿ ಒಬ್ಬ ಪರಿಚಾರಕನನ್ನು ಕರೆಸಿಕೊಂಡೆವು. ಸಂಬಳವೆಷ್ಟು, ಊಟ ಯಾರದು ಎಂಬಿಷ್ಟನ್ನೇ ನಾವು ವಿಚಾರಿಸಿದುದು. ಬಂದವನು ವಿನಯವುಳ್ಳ ತರುಣ. ಕನ್ನಡವನ್ನು ಮಾತ್ರ ಅರಿಯನು. ಮೂರನೆಯ ರಾತ್ರಿ ಅಣ್ಣನವರು ಬಚ್ಚಲಿಗೆ ಹೋಗಬೇಕೆಂದು ಕರೆದರು, ಮತ್ತೆ ಕರೆದರು. ಅವನು ಏಳಲಿಲ್ಲ. ತಾವೇ ಎದ್ದು ನಿಲ್ಲಹೋಗಿ ಬಿದ್ದು ತೊಡೆಯೆಲುಬನ್ನು ಮುರಿದುಕೊಂಡರು. ಶಿವಮೊಗ್ಗೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಬೇರೊಬ್ಬನನ್ನು ಕಳುಹಿಸುವೆವೆಂಬುದಷ್ಟೇ ಸಂಸ್ಥೆಯವರ ಉತ್ತರ.

ನಮಗೆ ಕೋಪವು ಬಂದುದು ನಿಜ. ಆದರೆ ಆ ತರುಣನು ಅಳುತ್ತ ಹೇಳಿದುದನ್ನು ಬಲ್ಲವರಿಂದ ತಿಳಿದುಕೊಂಡಾಗ ನಮ್ಮ ಕೋಪವು ನಮ್ಮ ಕಡೆಗೇ ತಿರುಗಿತು. ಇನ್ನೊಂದು ಮನೆಯಲ್ಲಿ ಹಲವು ರಾತ್ರಿ ಜಾಗರಣೆಮಾಡಿ, ಒಂದು ದಿನದ ವಿಶ್ರಾಂತಿಯೂ ಇಲ್ಲದೆ, ನೇರವಾಗಿ ಇಲ್ಲಿಗೆ ಬಂದಿದ್ದನಂತೆ. ಹಗಲು ರಾತ್ರಿಯೆಲ್ಲ ಒಬ್ಬನೇ ಇರುವನೆಂದು ಒಪ್ಪಿಕೊಂಡವರು ನಾವು. ಅವನು ಯಾವಾಗ ಮಲಗುವನೆಂಬುದನ್ನು ನಾವು ಕೇಳಲೇ ಇಲ್ಲ!

ಆದುದರಿಂದ ಆ ಸೋದರಿಗೆ ನಮ್ಮ ಮೊದಲ ಸಲಹೆಯೇನೆಂದರೆ, ಬರುವವರು ನಿದ್ರೆಮಾಡುವುದು ಯಾವಾಗ, ಆ ಹೊತ್ತಿನಲ್ಲಿ ಎಚ್ಚರಿರುವವರು ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಿರಿ. ಇಪ್ಪತ್ತನಾಲ್ಕು ಗಂಟೆಯ ಸೇವೆಯೆಂದು ಬರೆದುಕೊಟ್ಟ ಮಾತ್ರಕ್ಕೆ ಮನುಷ್ಯನ ಶರೀರವು ಒಪ್ಪುವುದಿಲ್ಲ. ಅತ್ತೆಯವರ ಮಾತು ಬರುವವಳಿಗೆ ತಿಳಿಯುವುದೇ, ಅದನ್ನೂ ನೋಡಿರಿ. ಹೊರಗಿನವರು ಬೇಡವೆಂದು ನಾವು ಹೇಳುತ್ತಿಲ್ಲ. ನೀರು, ನೋವು, ಬಚ್ಚಲು, ಸಾಕು ಎಂಬ ನಾಲ್ಕು ಮಾತನ್ನಾದರೂ ಮೊದಲ ದಿನವೇ ಕಲಿಸತಕ್ಕದ್ದು.

ಪರಿಚಾರಕರು ಬೇರೆ, ದಾದಿಯರು ಬೇರೆ. ಸ್ನಾನ, ಊಟ, ಬಟ್ಟೆ, ನಡೆದಾಟಗಳಿಗೆ ಪರಿಚಾರಕರು ಸಾಕು. ಚುಚ್ಚುಮದ್ದು, ಮೂತ್ರದ ನಳಿಕೆ, ಮೂಗಿನ ನಳಿಕೆಯ ಆಹಾರ ಇವುಗಳಿಗೆ ಶಿಕ್ಷಣ ಪಡೆದ ದಾದಿಯೇ ಬೇಕು. ಜಿ.ಎನ್.ಎಂ. ಎಂಬುದು ಮೂರು ವರ್ಷದ ಶಿಕ್ಷಣ, ಎ.ಎನ್.ಎಂ. ಎಂಬುದು ಎರಡು ವರ್ಷದ್ದು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ದಾದಿಯ ದರವನ್ನು ತೆಗೆದುಕೊಂಡು ಪರಿಚಾರಕಿಯನ್ನು ಕಳುಹಿಸುವವರೂ ಉಂಟು. ಮಾತಿನಲ್ಲಿ ಪರೀಕ್ಷಿಸುವುದಾದರೆ ಒಂದೇ ಪ್ರಶ್ನೆ ಸಾಕು: ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಾಯಿಸಬೇಕು? ಎರಡು ಗಂಟೆಗೊಮ್ಮೆಯೆಂದು ತಡವರಿಸದೆ ಹೇಳಿದವರು ಈ ಕೆಲಸವನ್ನು ಕಂಡವರು. ಒತ್ತಿದ ಜಾಗಕ್ಕೆ ರಕ್ತವು ಹರಿಯದೆ ಚರ್ಮವು ಸತ್ತು ಹುಣ್ಣಾಗುವುದು. ಒಮ್ಮೆ ಹುಣ್ಣಾದರೆ ಮಾಯುವುದು ಬಹಳ ಕಷ್ಟ.

ಉಳಿದ ವಿಷಯಗಳಲ್ಲಿ ವ್ಯವಹಾರಜ್ಞಾನವು ಸಾಕು. ಬಂದವರು ರಜೆ ಹೋದರೆ ಎಷ್ಟು ಹೊತ್ತಿನಲ್ಲಿ ಬದಲಿ ಬರುವರು, ಮುಂಗಡವು ಹಿಂತಿರುಗುವುದೇ, ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಿರುವರೇ, ಇವನ್ನು ಬರೆಹದಲ್ಲಿ ಪಡೆಯಿರಿ. ಆದರೆ ಬೆಂಗಳೂರಿನ ಸಂಸ್ಥೆಯು ಎಷ್ಟೇ ದೊಡ್ಡದಾಗಿರಲಿ, ಅದರ ಬದಲಿ ಆಳು ಅಜ್ಜಂಪುರವನ್ನು ಮುಟ್ಟುವಷ್ಟರಲ್ಲಿ ಒಂದು ದಿನ ಕಳೆಯುವುದು.

ಆದಕಾರಣ ಊರಿನೊಳಗೆ ಮೊದಲು ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಯಾವ ಓಣಿಯಲ್ಲಿ ನಿವೃತ್ತ ದಾದಿಯಿರುವಳು, ಯಾರು ತಮ್ಮ ತಂದೆತಾಯಿಗಳನ್ನು ಚೆನ್ನಾಗಿ ನೋಡಿಕೊಂಡರು ಎಂಬುದು ಆಕೆಗೆ ತಿಳಿದಿರುವುದು. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಹಾಸಿಗೆ ಹಿಡಿದವರನ್ನು ಆರೋಗ್ಯ ಸಿಬ್ಬಂದಿಯು ಮನೆಗೇ ಬಂದು ನೋಡಬೇಕೆಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ಕೇಳುವುದು ನಮ್ಮ ಹಕ್ಕು. 14567 ಎಂಬ ಹಿರಿಯರ ಸಹಾಯವಾಣಿಯೂ ಉಂಟು, ಅದಕ್ಕೆ ಶುಲ್ಕವಿಲ್ಲ. ನೆರೆಯ ಕೇರಳದಲ್ಲಿ ಉಪಶಾಮಕ ಚಿಕಿತ್ಸೆಯು 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾಗಿ, ಊರವರೇ ಸರದಿಯಂತೆ ರೋಗಿಗಳ ಮನೆಗೆ ಹೋಗುವ ಪದ್ಧತಿಯಾಗಿ ಬೆಳೆಯಿತು. 2008ರಲ್ಲಿ ಅಲ್ಲಿಯ ಸರ್ಕಾರವು ಅದನ್ನು ತನ್ನ ನೀತಿಯಾಗಿಸಿಕೊಂಡಿತು. ನಮ್ಮ ಮೂರು ತಾಲ್ಲೂಕುಗಳಲ್ಲಿ ನಿವೃತ್ತರಾಗಿ ಜಗಲಿಯ ಮೇಲೆ ಪತ್ರಿಕೆಯೋದುತ್ತಿರುವವರಿಗೇನೂ ಕೊರತೆಯಿಲ್ಲ. ನಮ್ಮನ್ನೂ ಸೇರಿಸಿಯೇ ಈ ಮಾತು.

ಮತ್ತೊಂದು ಎಚ್ಚರಿಕೆ. ನೋಡಿಕೊಳ್ಳುವೆವೆಂಬ ಮಾತಿನ ಮೇಲೆ ವೃದ್ಧರು ಮನೆ ತೋಟಗಳನ್ನು ಯಾರಿಗಾದರೂ ಬರೆದುಕೊಡುವುದಾದರೆ, ಆ ಷರತ್ತು ಪತ್ರದಲ್ಲಿಯೇ ಇರಲಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ವಿಧಿಯಂತೆ, ಷರತ್ತಿಗೆ ತಪ್ಪಿದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳಬಹುದು.

ಅಣ್ಣನವರಿಗೆ ಈಗ ಹಗಲು ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು, ರಾತ್ರಿ ಆಕೆಯ ತಮ್ಮನು. ಭಾನುವಾರ ನಮ್ಮ ಸರದಿ. ಮಂಚದ ಬಳಿ ಶಾಲೆಯ ಕಾಲದ ಹಿತ್ತಾಳೆಯ ಕೈಗಂಟೆಯೊಂದನ್ನು ಇಟ್ಟಿದ್ದೇವೆ. ಅದನ್ನು ಅವರು ಎಡಗೈಯಲ್ಲಿ ಬಾರಿಸುವರು. ನಾವು ಎದ್ದು ಓಡಿದರೆ, ಹಲವು ವೇಳೆ ಬೇಕಾಗಿರುವುದು ಇನ್ನೊಂದು ಲೋಟ ಕಾಫಿ.