ಯಂತ್ರಕ್ಕಿಂತ ಮೊದಲು ನೀರಿನ ಪರೀಕ್ಷೆ



ನಾವು ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ, ಬಾವಿಯಿಂದ ಸೇದಿದ ನೀರನ್ನು ನಾಲ್ಕು ಪದರದ ಬಿಳಿಯ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುವುದು ಕಿರಿಯ ವಿದ್ಯಾರ್ಥಿಗಳ ಪಾಲಿನ ಸೇವೆಯಾಗಿತ್ತು. ಕಣ್ಣಿಗೆ ಕಾಣುವ ಕಸವನ್ನು ಬಟ್ಟೆ ತಡೆಯುತ್ತದೆ, ನೀರಿನಲ್ಲಿ ಕರಗಿರುವುದನ್ನು ತಡೆಯಲಾರದು ಎಂಬುದನ್ನು ನಾವು ಅರಿತದ್ದು ಬಹುಕಾಲದ ಮೇಲೆ.

ಮೂತ್ರಕೋಶ ಸೂಕ್ಷ್ಮವಾಗಿ, ಮೇಲಿಂದ ಮೇಲೆ ಎದ್ದು ಹೋಗಬೇಕಾದ ಹಿರಿಯರಿರುವ ಮನೆಯವರು, ‘ಕಡಿಮೆ ಖರ್ಚಿನಲ್ಲಿ ಯಾವ ನೀರಿನ ಯಂತ್ರ ಕೊಳ್ಳಬೇಕು?’ ಎಂದು ನಮ್ಮನ್ನು ಕೇಳುವುದುಂಟು. ನಾವು ವೈದ್ಯರಲ್ಲ. ಆದರೆ ಈ ವಿಷಯದಲ್ಲಿ ಹಣ ತೆತ್ತು ಪಾಠ ಕಲಿತವರು.

ಕೆಲವು ವರ್ಷಗಳ ಹಿಂದೆ ನಮಗೂ ಈ ಬಾಧೆ ತೋರಿತು. ಪ್ರವಚನದ ನಡುವೆ ಏಳಬೇಕಾದೀತೆಂಬ ಸಂಕೋಚದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಉರಿ ಹೆಚ್ಚಿತು. ಆ ಸಮಯಕ್ಕೆ ಮನೆಗೆ ಬಂದ ಮಾರಾಟಗಾರನೊಬ್ಬ ನಮ್ಮ ನಳದ ನೀರಿನಲ್ಲಿ ಎರಡು ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತು ಹರಿಸಿದ. ಕ್ಷಣದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು. ಅವನ ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ‘ಈ ಕೊಳೆಯೇ ತಮ್ಮ ಉರಿಗೆ ಕಾರಣ’ ಎಂದ. ನಾವು ಹೆದರಿ ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟೆವು.

ಉರಿ ಕಡಿಮೆಯಾಗಲಿಲ್ಲ. ವೈದ್ಯರು ಮೂತ್ರ ಪರೀಕ್ಷಿಸಿ, ಸೋಂಕಿಲ್ಲವೆಂದು ತಿಳಿಸಿ, ‘ನೀರು ಕಡಿಮೆಯಾಗಿದೆ, ಚಹಾ ಹೆಚ್ಚಾಗಿದೆ’ ಎಂದರು. ಹೋದ ಮನೆಯಲ್ಲೆಲ್ಲ ಆದರದಿಂದ ಕೊಟ್ಟ ಚಹಾವನ್ನು ನಾವು ಬೇಡವೆಂದವರಲ್ಲ! ಆ ಬಳಿಕ ನಳದ ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ಅದರಲ್ಲಿ ದೋಷವೇ ಇರಲಿಲ್ಲ. ಕಂದು ಬಣ್ಣ ಕಡ್ಡಿಯ ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿದು ಕಬ್ಬಿಣ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಅದು ಹರಿಯುವುದೇ ಕಡಿಮೆ. ಅಷ್ಟೇ ಅದರ ಮರ್ಮ.

ಆದುದರಿಂದ ಯಂತ್ರವನ್ನು ರೋಗ ನೋಡಿ ಆರಿಸಬಾರದು, ನೀರು ನೋಡಿ ಆರಿಸಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳಲ್ಲಿ ಅಲ್ಪ ಶುಲ್ಕಕ್ಕೆ ಪರೀಕ್ಷೆ ಸಾಧ್ಯ. ಭಾರತೀಯ ಮಾನಕ ಬ್ಯೂರೋದ ೨೦೧೨ರ ಮಾನಕದಂತೆ ಒಂದು ಲೀಟರಿನಲ್ಲಿ ಕರಗಿದ ಒಟ್ಟು ಲವಣ ೫೦೦ ಮಿಲಿಗ್ರಾಂ, ಗಡಸುತನ ೨೦೦, ಫ್ಲೋರೈಡ್ ೧ರ ಒಳಗಿದ್ದರೆ ಉತ್ತಮ. ಬೇರೆ ನೀರೇ ಸಿಗದಿದ್ದಲ್ಲಿ ಇವು ಕ್ರಮವಾಗಿ ೨೦೦೦, ೬೦೦ ಮತ್ತು ೧.೫ರವರೆಗೆ ಸಹ್ಯ.

ನದಿ ಮೂಲದ ನಳದ ನೀರು ಈ ಮಿತಿಯೊಳಗಿದ್ದರೆ ಕ್ಯಾಂಡಲ್ ಇರುವ ಸ್ಟೀಲಿನ ಫಿಲ್ಟರ್ ಸಾಕು. ಸೋಸಿದ ನೀರನ್ನು ಕುದಿಸಿ ಆರಿಸಿದರೆ ರೋಗಾಣುಗಳ ಭಯವಿಲ್ಲ. ಕ್ಲೋರಿನ್ ವಾಸನೆಗೆ ಇದ್ದಿಲಿನ ಫಿಲ್ಟರ್ ಒಳ್ಳೆಯದು. ಅತಿನೇರಳೆ ಕಿರಣದ ಯಂತ್ರ ರೋಗಾಣುಗಳನ್ನು ನಾಶಪಡಿಸುತ್ತದೆಯೇ ಹೊರತು ಲವಣವನ್ನು ತೆಗೆಯದು.

ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಕೊಳವೆ ಬಾವಿಗಳ ಮಾತು ಬೇರೆ. ಅಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಂತೆ ಮತ್ತಷ್ಟು ಸಾಂದ್ರವಾಗುತ್ತದೆ. ಅಂಥಲ್ಲಿ ಆರ್.ಓ. ಯಂತ್ರ ಸಾರ್ಥಕ. ಆದರೆ ಒಂದು ಲೀಟರು ಶುದ್ಧ ನೀರಿಗೆ ಮೂರು ಲೀಟರಿನಷ್ಟು ಹೊರಹೋಗುವುದುಂಟು. ವರ್ಷವರ್ಷವೂ ಫಿಲ್ಟರ್ ಬದಲಿಸುವ ಖರ್ಚೂ ಇದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸುಸ್ಥಿತಿಯಲ್ಲಿದ್ದರೆ ಕೆಲವೇ ರೂಪಾಯಿಗೆ ಇಪ್ಪತ್ತು ಲೀಟರಿನ ಕ್ಯಾನು ತುಂಬಿ ತರುವುದು ಬಡವರಿಗೆ ಲೇಸು.

ಗಡಸು ನೀರೇ ಮೂತ್ರಕೋಶದ ಉರಿಗೆ ಕಾರಣವೆನ್ನಲು ದೃಢವಾದ ಆಧಾರವಿಲ್ಲ. ನೀರು ಕಡಿಮೆಯಾದರೆ ಮೂತ್ರ ಸಾಂದ್ರವಾಗಿ ಕೆರಳಿಸುವುದು ಮಾತ್ರ ನಿಜ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಮಲಗುವ ಎರಡು ತಾಸು ಮೊದಲು ಮಿತಗೊಳಿಸಿರಿ. ಚಹಾ, ಕಾಫಿ ಕಡಿಮೆ ಮಾಡಿರಿ. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿಯೇ ಕೇಳಬೇಕು. ಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ತಡೆಯುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿಯೂ ಈ ತೊಂದರೆ ಬರುತ್ತದೆ. ಅದಕ್ಕೆ ಯಾವ ಯಂತ್ರವೂ ಮದ್ದಲ್ಲ.

ಮನೆಯ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಹಿರಿಯರು ಸಂಕೋಚದಿಂದ ನೀರು ಬಿಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಅವರ ಕೈಗೆ ಸಿಗುವಲ್ಲಿ ಒಂದು ತಂಬಿಗೆ ನೀರಿಡಿರಿ. ರಾತ್ರಿ ಶೌಚಾಲಯದ ದಾರಿಗೆ ಒಂದು ದೀಪವಿರಲಿ. ನಾವೀಗ ಪ್ರವಚನಕ್ಕೆ ಕೂಡುವ ಮುನ್ನ, ನಡುವೆ ಒಮ್ಮೆ ಏಳುವೆವೆಂದು ಸಭೆಗೆ ಹೇಳಿಯೇ ಕೂಡುತ್ತೇವೆ. ಇದುವರೆಗೆ ಯಾರೂ ನಕ್ಕಿಲ್ಲ.