ಜೀರ್ಣೋದ್ಧಾರವೋ, ಬಣ್ಣದ ವೇಷವೋ?

ಕೆಲವು ವರ್ಷಗಳಿಂದೀಚೆಗೆ ಕನ್ನಡನಾಡಿನ ಪಟ್ಟಣಗಳಲ್ಲಿ ಒಂದು ಹೊಸ ಉತ್ಸಾಹವು ತಲೆದೋರಿದೆ. ಹಿತ್ತಲಿನಲ್ಲಿಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಹತ್ತಿಪ್ಪತ್ತು ವರ್ಷಗಳಿಂದ ಧೂಳು ಹಿಡಿದು ನಿಂತಿದ್ದ, ತಂದೆಯ ಕಾಲದ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲನ್ನು ಹೊರಕ್ಕೆಳೆದು ಅದಕ್ಕೆ ಮರುಜೀವ ಕೊಡಿಸುವುದೇ ಆ ಉತ್ಸಾಹ. ಇದು ಪ್ರಶಂಸನೀಯವೇ ಸರಿ. ಆದರೆ ಈ ಉತ್ಸಾಹಿಗಳಲ್ಲಿ ಬಹುಮಂದಿ ಹಿಡಿದಿರುವ ಮಾರ್ಗವು ಆ ಯಂತ್ರಕ್ಕೂ ಕೇಡು, ಅದನ್ನೇರುವವರ ಪ್ರಾಣಕ್ಕೂ ಕೇಡು.

ಅವರ ಕ್ರಮವನ್ನು ನೋಡಬೇಕು. ಗಾಡಿ ಹೊರಬಂದ ದಿನವೇ ಟ್ಯಾಂಕಿಗೆ ಹೊಸ ಪೆಟ್ರೋಲನ್ನು ಸುರಿದು, ಪ್ಲಗ್ಗನ್ನು ಉಜ್ಜಿ, ಮನೆಮಂದಿಯೆಲ್ಲ ಸುತ್ತ ನಿಂತಿರಲು, ಒಂದೇ ಸಮನೆ ಕಿಕ್ಕು ಹೊಡೆಯತೊಡಗುವರು. ಅದೃಷ್ಟವಶಾತ್ ಎಂಜಿನ್ನು ಹೊಗೆಯುಗುಳಿ ಗುಡುಗಿತೆನ್ನಿ. ಅಲ್ಲಿಗೆ ಯಂತ್ರಕ್ಕೆ ಆರೋಗ್ಯವೆಂದು ನಿರ್ಣಯಿಸಿ, ಮರುದಿನವೇ ಬಣ್ಣದವನ ಬಳಿಗೂ ಕ್ರೋಮಿನವನ ಬಳಿಗೂ ಓಡುವರು. ತಿಂಗಳೊಪ್ಪತ್ತಿನಲ್ಲಿ ಗಾಡಿಯು ಮದುವಣಿಗನಂತೆ ಮಿರುಗುತ್ತದೆ. ಇದಕ್ಕೆ ಇವರು ಕೊಟ್ಟಿರುವ ಹೆಸರು ಜೀರ್ಣೋದ್ಧಾರ!

ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವವನ್ನು ಬಲ್ಲವರಾರೂ ಹೀಗೆ ಮಾಡಲಾರರು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯ ಪ್ರತ್ಯೇಕ ಸಂಗ್ರಹವಿದ್ದು, ಅದು ಸುತ್ತಿ ಸುತ್ತಿ ಬಂದು ಕೀಲುಗಳನ್ನು ನೆನೆಸುತ್ತಿರುತ್ತದೆ. ಈ ಹಳೆಯ ಎಂಜಿನ್ನಿಗೆ ಅಂಥ ಭಾಗ್ಯವಿಲ್ಲ. ಸುಮಾರು 25 ಪಾಲು ಪೆಟ್ರೋಲಿಗೆ 1 ಪಾಲಿನಂತೆ ಬೆರೆಸಿದ ಎಣ್ಣೆಯು ಗಾಳಿಯೊಡಗೂಡಿ ಮೊದಲು ಪಿಸ್ಟನ್ನಿನ ಕೆಳಗಣ ಕ್ರ್ಯಾಂಕಿನ ಕೋಣೆಯನ್ನು ಹೊಕ್ಕು, ಅಲ್ಲಿನ ಬೇರಿಂಗುಗಳನ್ನು ತೋಯಿಸಿ, ಅನಂತರ ಮೇಲೇರಿ ಉರಿದುಹೋಗುತ್ತದೆ. ಎಂಜಿನ್ನು ನಿಂತಿತೆಂದರೆ ಹೊಸ ಎಣ್ಣೆಯೂ ನಿಂತಿತು. ಉಳಿದ ಪೆಟ್ರೋಲು ಆರಿಹೋಗಿ, ಎಣ್ಣೆಯು ತಳಕ್ಕಿಳಿದು ಅಂಟಾಗುತ್ತದೆ. ಬರಿದಾದ ಉಕ್ಕಿನ ಮೇಲೆ ಗಾಳಿಯ ತೇವವು ಕುಳಿತುಕೊಳ್ಳುತ್ತದೆ. ಕೊಡಗಿನದೋ ಮಲೆನಾಡಿನದೋ ಮಳೆಗಾಲಗಳನ್ನು ಇಪ್ಪತ್ತು ಸಲ ಕಂಡ ಗಾಡಿಯ ಕ್ರ್ಯಾಂಕಿನ ಕೋಣೆಯಲ್ಲಿ ಏನಿದ್ದೀತೆಂದು ಬೇರೆ ಹೇಳಬೇಕಾಗಿಲ್ಲ. ಬೇರಿಂಗಿನ ಉರುಳೆಗಳ ಮೇಲೆ ತುಕ್ಕಿನ ಚುಕ್ಕೆಗಳೆದ್ದಿರುತ್ತವೆ. ಮೊದಲ ಕಿಕ್ಕಿನಲ್ಲಿಯೇ ಆ ತುಕ್ಕು ಅರೆಯುವ ಪುಡಿಯಾಗಿ ಪರಿಣಮಿಸುತ್ತದೆ.

ಇದಕ್ಕಿಂತಲೂ ಕಪಟಿಯಾದುದು ರಬ್ಬರಿನ ಸೀಲು. ಕ್ರ್ಯಾಂಕಿನ ಎರಡು ಪಕ್ಕಗಳಲ್ಲಿಯೂ ಗಾಳಿಯು ನುಸುಳದಂತೆ ಬಿಗಿದು ನಿಂತಿರುವ ಈ ಬಳೆಗಳು ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತವೆ. ಗೇರುಪೆಟ್ಟಿಗೆಯ ಕಡೆಯದು ಕೆಟ್ಟರೆ, ಆ ಕಡೆಯ ಎಣ್ಣೆಯನ್ನು ಎಂಜಿನ್ನು ಹೀರಿ ಬಿಳಿಯ ಹೊಗೆಯನ್ನು ಧಾರಾಳವಾಗಿ ಬಿಡುವುದರಿಂದ ಮಾಲಿಕನಿಗೆ ಎಚ್ಚರಿಕೆಯಾದರೂ ದೊರೆಯುತ್ತದೆ. ಇನ್ನೊಂದು ಕಡೆಯದು ಕೆಟ್ಟರೆ ಹೊಗೆಯಿಲ್ಲ, ಸೂಚನೆಯಿಲ್ಲ. ಹೊರಗಿನ ಗಾಳಿಯು ಒಳನುಗ್ಗಿ ಪೆಟ್ರೋಲಿನ ಪಾಲೂ ಅದರೊಡನೆ ಎಣ್ಣೆಯ ಪಾಲೂ ತಗ್ಗುತ್ತವೆ. ಗಾಡಿಯು ಮೊದಲಿಗಿಂತ ಚುರುಕಾಗಿ ಓಡುತ್ತಿರುವಂತೆಯೂ ತೋರಬಹುದು! ಒಳಗೆ ಕಾವೇರಿ, ಪಿಸ್ಟನ್ನು ಉಬ್ಬಿ, ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಹಿಂದಿನ ಚಕ್ರವೂ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಕ್ಲಚ್ಚಿಗೆ ಕೈಯಿಡಲು ಸವಾರನಿಗೆ ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ ಇರುತ್ತದೆ. ಬಣ್ಣಕ್ಕೆ ಹಣ ಸುರಿದು ಸೀಲಿಗೆ ಕೈಬಿಗಿಹಿಡಿದ ಮಹನೀಯರು ಮಗನನ್ನು ಆ ಗಾಡಿಯ ಮೇಲೆ ಹೆದ್ದಾರಿಗೆ ಕಳುಹುವ ಮುನ್ನ ಇದನ್ನು ಒಂದಿಷ್ಟು ಆಲೋಚಿಸುವುದೊಳ್ಳೆಯದು.

ಹಾಗಾದರೆ ಮಾಡತಕ್ಕದ್ದೇನು? ಕಿಕ್ಕಿನ ಗೋಜಿಗೇ ಹೋಗಕೂಡದು. ಪ್ಲಗ್ಗನ್ನು ಬಿಚ್ಚಿ, ತೆಳುವಾದ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಬಿಟ್ಟು, ಒಂದೆರಡು ದಿನ ಸುಮ್ಮನಿರಬೇಕು. ಆಮೇಲೆ ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಮೆಲ್ಲನೆ ತಿರುಗಿಸಿ ನೋಡಬೇಕು. ತಿರುಗಿತೆಂದು ಹಿಗ್ಗದೆ ಎಂಜಿನ್ನನ್ನು ಇಳಿಸಿ, ಎರಡು ಹೋಳು ಮಾಡಿ, ಬೇರಿಂಗುಗಳನ್ನೂ ಸೀಲುಗಳನ್ನೂ ಹೊಸದಾಗಿ ಹಾಕಿಸಬೇಕು. ಸಿಲಿಂಡರು ಗೀರಿದ್ದರೆ ಬೋರು ಮಾಡಿಸಿ, ಅದಕ್ಕೊಪ್ಪುವ ದೊಡ್ಡ ಅಳತೆಯ ಪಿಸ್ಟನ್ನನ್ನು ಕೂಡಿಸಬೇಕು. ಟ್ಯಾಂಕಿನ ಒಳಗಣ ತುಕ್ಕನ್ನು ತೆಗೆಯದೆ ಕಾರ್ಬುರೇಟರನ್ನು ತೊಳೆಯುವುದು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ. ಇಂದಿನ ಪೆಟ್ರೋಲಿನ ವಿಚಾರವೊಂದು ಬೇರೆ ಇದೆ. ಅದರಲ್ಲಿ ಬೆರೆತಿರುವ ಎಥನಾಲು ತೇವವನ್ನು ಸೆಳೆದುಕೊಳ್ಳುವುದಲ್ಲದೆ ಹಳೆಯ ಕಾಲದ ರಬ್ಬರನ್ನೂ ತಿನ್ನುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರಡುವ ಗಾಡಿಯ ಟ್ಯಾಂಕಿನಲ್ಲಿ ಇದನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ತರವಲ್ಲ.

ಇನ್ನು ಬಣ್ಣದ ವಿಚಾರ. ಕಲ್ಲಿನ ಗುಡಿಯ ಕೆತ್ತನೆಗೆ ಸುಣ್ಣ ಬಳಿದು, ಎಣ್ಣೆಯ ಬಣ್ಣವನ್ನು ಸವರಿ, ಜೀರ್ಣೋದ್ಧಾರವಾಯಿತೆಂದು ಫಲಕ ಹಾಕಿಸುವ ಧರ್ಮದರ್ಶಿಗಳನ್ನು ಸುಶಿಕ್ಷಿತರು ನಗುವುದುಂಟು. ಅವರೇ ತಮ್ಮ ಮನೆಯ ಯೆಜ್ಡಿಯ ವಿಷಯದಲ್ಲಿ ಅದನ್ನೇ ಮಾಡುತ್ತಾರೆ. ಮೂವತ್ತು ವರ್ಷ ತಂದೆಯ ಮೊಣಕಾಲು ತಗುಲಿ ಟ್ಯಾಂಕಿನ ಪಕ್ಕದಲ್ಲಿ ಸವೆದ ಬಣ್ಣವು ಯಾವ ಅಂಗಡಿಯಲ್ಲಿ ದೊರೆತೀತು? ಕೈಗೆ ಸಿಕ್ಕಿದ ಮೂಲದ ಭಾಗಗಳನ್ನು ಗುಜರಿಗೆಸೆದು, ಹೊಳೆಯುವ ಅಗ್ಗದ ನಕಲುಗಳನ್ನು ಜೋಡಿಸಿದ ಮೇಲೆ ಅಲ್ಲಿ ತಂದೆಯ ಗಾಡಿಯೆಂಬುದು ಉಳಿದಿರುವುದೆಲ್ಲಿ? ಮೂರು ಗಾಡಿಗಳನ್ನು ಮುರಿದು ಒಂದನ್ನು ಕಟ್ಟಿ, ಅಚ್ಚ ಹಳೆಯದೆಂದು ಮಾರುವ ವ್ಯಾಪಾರಿಗಳ ಮಾತನ್ನಂತೂ ಆಡದಿರುವುದೇ ಲೇಸು.

ಈ ಯಂತ್ರವು ಶೋಕಿಗಾಗಿ ಹುಟ್ಟಿದುದಲ್ಲ. ಇದರ ಮೂಲವು ಜೆಕ್ ದೇಶದ್ದು. ಅದೇ ದೇಶದ ಚೆಜೆಟ್ ಎಂಬ ಟೂ ಸ್ಟ್ರೋಕ್ ಗಾಡಿಗಳು ಕಲ್ಲು ಕೆಸರುಗಳ ಮೋಟೋಕ್ರಾಸ್ ಪಂದ್ಯಗಳಲ್ಲಿ ಜಗತ್ತನ್ನೇ ಗೆದ್ದವು; 1964ರಲ್ಲಿ ಬೆಲ್ಜಿಯಮಿನ ಜೋಯೆಲ್ ರೋಬೇರ್, 1966ರಿಂದ 1968ರವರೆಗೆ ಸತತವಾಗಿ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ ವಿಶ್ವವಿಜೇತರಾದುದು ಅವುಗಳ ಮೇಲೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಕೆಲಸವನ್ನಾರಂಭಿಸಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ಹೊತ್ತ ಈ 250ರ ಗಾಡಿಯನ್ನು ನಾಡಿನ ಮಣ್ಣುದಾರಿಗಳಿಗೆ ಕೊಟ್ಟಿತು; 1996ರಲ್ಲಿ ಅದರ ಬಾಗಿಲು ಮುಚ್ಚಿತು. ಜಾವಾ, ಯೆಜ್ಡಿ ಎಂಬ ಹೆಸರುಗಳು 2018ರಲ್ಲಿಯೂ 2022ರಲ್ಲಿಯೂ ಮರಳಿ ಬಂದಿವೆಯಾದರೂ, ಆ ಹೊಸ ಗಾಡಿಗಳ ಎಂಜಿನ್ನು ಫೋರ್ ಸ್ಟ್ರೋಕಿನದು. ಕಾರ್ಖಾನೆ ಮುಚ್ಚಿದಾಗ ಮೂವತ್ತರ ಪ್ರಾಯದಲ್ಲಿದ್ದ ಮೆಕ್ಯಾನಿಕ್ಕಿಗೆ ಇಂದು ಅರುವತ್ತು. ಎಂಜಿನ್ನಿನ ಸದ್ದನ್ನು ಕೇಳಿಯೇ ಯಾವ ಬೇರಿಂಗು ಸವೆದಿದೆಯೆಂದು ಹೇಳಬಲ್ಲ ಅಂಥವರ ಬಳಿಗೆ ಹುಡುಗರು ಕಲಿಯಲು ಹೋಗಬೇಕಾದರೆ, ಅವರಿಗೆ ಕ್ರ್ಯಾಂಕಿನ ಕೆಲಸ ಸಿಕ್ಕಬೇಕು. ಹಣವೆಲ್ಲವೂ ಬಣ್ಣದವನಿಗೇ ಸಂದರೆ ಆ ವಿದ್ಯೆಯೂ ಅವರೊಡನೆಯೇ ಹೋಗುವುದು.

‘ಒಳಗಣದನ್ನು ಯಾರು ನೋಡುತ್ತಾರೆ, ಹೊಳಪಿಗಲ್ಲವೆ ಬೆಲೆ?’ ಎಂದು ಕೇಳುವವರಿದ್ದಾರೆ. ಹೊಳಪಿಗೆ ಬೆಲೆ ಕೊಡುವವನು ಕೊಳ್ಳುವವನೇ ಆದುದರಿಂದ, ಅವನೇ ಇದನ್ನು ತಿದ್ದಬಲ್ಲನು. ಕ್ರ್ಯಾಂಕನ್ನು ಬಿಚ್ಚಿದುದು ಯಾವಾಗ, ಸೀಲು ಹಾಕಿದವರಾರು, ತೆಗೆದ ಹಳೆಯ ಬೇರಿಂಗುಗಳೆಲ್ಲಿ ಎಂದು ಅವನು ಮಾರುವವನನ್ನು ಮೊದಲು ಕೇಳಲಿ. ಉತ್ತರ ಕೊಡುವುದರ ಬದಲು ಆತನು ಮೆತ್ತನೆಯ ಬಟ್ಟೆಯಿಂದ ಟ್ಯಾಂಕನ್ನೊರಸತೊಡಗಿದರೆ, ಕೊಳ್ಳಬಂದವನು ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮನೆಗೆ ಮರಳಬಹುದು.