ಸವಾರನದೋ, ಸರಕಿನದೋ?

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಅಚ್ಚಾಗುವ ಸೈಕಲ್ ಪತ್ರಿಕೆಯೊಂದನ್ನು ಬಿಡಿಸಿ ನೋಡಿದವನಿಗೆ ಅದು ಒಡವೆ ಅಂಗಡಿಯ ಬೆಲೆಪಟ್ಟಿಯೇನೋ ಎಂಬ ಭ್ರಾಂತಿಯುಂಟಾದರೆ ಆಶ್ಚರ್ಯವಿಲ್ಲ. ಹತ್ತು ಸಾವಿರ ಪೌಂಡಿಗೂ ಮಿಗಿಲಾದ ಬೆಲೆಯ ಸೈಕಲ್ಲುಗಳು ಅಲ್ಲಿ ಥಳಥಳಿಸುತ್ತವೆ. ಕಾರ್ಬನ್ನಿನ ಚೌಕಟ್ಟು, ಬ್ಯಾಟರಿಯ ಬಲದಿಂದ ಬದಲಾಗುವ ಗೇರು, ಗ್ರಾಮಿನ ಲೆಕ್ಕದಲ್ಲಿ ತೂಗಿದ ಬಿಡಿಭಾಗ, ಇವುಗಳ ಗುಣಗಾನಕ್ಕೆ ಎಷ್ಟು ಪುಟವಾದರೂ ಸಾಲದು. ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂದು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 2000ದಿಂದ ಕಟ್ಟುಮಾಡಿದೆ. ಎಂದೂ ಪಂದ್ಯಕ್ಕಿಳಿಯದ ಸಿರಿವಂತನಿಗೆ ಆ ಕಟ್ಟು ಇಲ್ಲ. ಆತ ಇನ್ನೂರು ಗ್ರಾಮು ಕಡಿಮೆ ಮಾಡಲು ನೂರಾರು ಪೌಂಡು ಸುರಿಯುತ್ತಾನೆ. ನಾಲ್ಕು ದಿನ ರಾತ್ರಿಯೂಟ ಬಿಟ್ಟಿದ್ದರೆ ಅದಕ್ಕಿಂತ ಹೆಚ್ಚಿನ ಭಾರ ಪುಕ್ಕಟೆಯಾಗಿ ಇಳಿಯುತ್ತಿತ್ತೆಂದು ಪತ್ರಿಕೆ ಆತನಿಗೆ ಹೇಳುವ ಗೋಜಿಗೆ ಹೋಗುವುದಿಲ್ಲ.

ಮಳೆಯಲ್ಲಿ ತೊಯ್ದುಕೊಂಡು ಕೆಲಸಕ್ಕೆ ಹೋಗುವ ಗುಮಾಸ್ತ, ಮಗುವನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವ ತಾಯಿ, ಹ್ಯಾಂಡಲಿಗೆ ಚೀಲ ತೂಗುಹಾಕಿಕೊಂಡು ಮನೆಗೆ ಮರಳುವ ವೃದ್ಧ, ಇವರು ಆ ಪುಟಗಳಲ್ಲಿ ಅಪರೂಪ. ಹಾಗಾದರೆ ಈ ಪತ್ರಿಕೆಗಳು ಯಾರಿಗಾಗಿ?

ಸಂಪಾದಕರನ್ನು ಬೈಯುವ ಮೊದಲು ಅವರ ಲೆಕ್ಕದ ಪುಸ್ತಕವನ್ನೊಮ್ಮೆ ನೋಡುವುದು ನ್ಯಾಯ. ಪತ್ರಿಕೆಗೆ ಎರಡು ಥೈಲಿಗಳು: ಒಂದು ಚಂದಾದಾರನದು, ಮತ್ತೊಂದು ಜಾಹೀರಾತುದಾರನದು. ಸಾಮಾನ್ಯ ಸವಾರನು ಒಮ್ಮೆ ಸೈಕಲ್ಲು ಕೊಂಡನೆಂದರೆ ಇಪ್ಪತ್ತು ವರ್ಷ ಅಂಗಡಿಯ ಕಡೆ ತಲೆಹಾಕುವುದಿಲ್ಲ. ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರು ಇಷ್ಟೇ ಅವನ ವ್ಯಾಪಾರ. ಪಂಕ್ಚರು ಹಾಕುವುದು, ಸೀಟಿನ ಎತ್ತರ ಗೊತ್ತುಮಾಡುವುದು, ಚೈನಿಗೆ ಎಣ್ಣೆ ಬಿಡುವುದು, ಅವನಿಗೆ ಬೇಕಾದ ಈ ತಿಳಿವಳಿಕೆಯೆಲ್ಲ ಒಂದು ಸಂಚಿಕೆಯಲ್ಲಿ ಮುಗಿಯುತ್ತದೆ. ಎರಡನೆಯ ಸಂಚಿಕೆಗೆ ಏನು ಗತಿ? ಪಂದ್ಯದ ಸುದ್ದಿ, ಇಲ್ಲವೇ ಹೊಸ ಸರಕು.

ಈ ನಂಟು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ 'ಲ ವೆಲೊ' ಎಂಬ ಹಸಿರು ಕಾಗದದ ದಿನಪತ್ರಿಕೆಯೊಂದು ಮೆರೆಯುತ್ತಿತ್ತು. ಅದರ ಸಂಪಾದಕ ಪಿಯೆರ್ ಜಿಫಾರನು ಡ್ರೇಫಸ್ ಮೊಕದ್ದಮೆಯಲ್ಲಿ ಡ್ರೇಫಸನ ಪಕ್ಷ ವಹಿಸಿದನು. ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ ವಾಹನ ತಯಾರಕ ಕೌಂಟ್ ದ ದಿಯೋನ್ ಎದುರು ಪಕ್ಷದವನು. ಜಾಹೀರಾತಿನ ದರ ಹೆಚ್ಚೆಂಬ ಅಸಮಾಧಾನವೂ ಬೆಂಕಿಗೆ ತುಪ್ಪವಾಯಿತು. ದ ದಿಯೋನ್, ಸೈಕಲ್ ತಯಾರಕ ಕ್ಲೆಮಾನ್, ಟೈರಿನ ಮಿಶೆಲಿನ್ ಇವರೆಲ್ಲ ಸೇರಿ 1900ರಲ್ಲಿ ತಮ್ಮದೇ ಪತ್ರಿಕೆಯನ್ನು ಹೂಡಿ, ಹಾನ್ರಿ ದೆಗ್ರಾಂಜನನ್ನು ಸಂಪಾದಕನನ್ನಾಗಿ ಕೂರಿಸಿದರು. ಅದೇ ಮುಂದೆ ಹಳದಿ ಕಾಗದದ 'ಲೊತೊ' ಎಂದು ಹೆಸರಾಯಿತು. ಪ್ರಸಾರ ಹೆಚ್ಚಿಸಲೆಂದು ಅದು 1903ರಲ್ಲಿ ಆರಂಭಿಸಿದ ಪಂದ್ಯವೇ ಟೂರ್ ದ ಫ್ರಾನ್ಸ್. ಮರುವರ್ಷ 'ಲ ವೆಲೊ' ಕಣ್ಣುಮುಚ್ಚಿತು. ಜಗತ್ತಿನ ಅತಿ ಪ್ರಸಿದ್ಧ ಸೈಕಲ್ ಪಂದ್ಯ ಹುಟ್ಟಿದ್ದೇ ಪತ್ರಿಕೆಯೊಂದರ ಮಾರಾಟಕ್ಕಾಗಿ. ಆ ಪತ್ರಿಕೆ ಹುಟ್ಟಿದ್ದೇ ಜಾಹೀರಾತುದಾರರ ಮುನಿಸಿನಿಂದ.

ಅದೇ ಫ್ರಾನ್ಸಿನಲ್ಲಿ ಬೇರೊಂದು ಬಗೆಯ ಪತ್ರಿಕೆಯೂ ಇತ್ತು. ಬೆಟ್ಟಗುಡ್ಡಗಳ ನಡುವಣ ಸ್ಯಾಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ, ಮೊದಲು ರೇಷ್ಮೆ ವ್ಯಾಪಾರಿ, 'ವೆಲೋಸಿಯೊ' ಎಂಬ ಕಾವ್ಯನಾಮದಿಂದ 1887ರಿಂದ ಸೈಕಲ್ ಪ್ರವಾಸಿಗಳ ಪತ್ರಿಕೆಯನ್ನು ನಡೆಸುತ್ತಿದ್ದನು. ಏರು ಹತ್ತಲಾರದೆ ಇಳಿದು ತಳ್ಳುವ ಸಾಮಾನ್ಯನಿಗೆ ಹಲವು ಗೇರುಗಳು ಬೇಕೆಂಬುದು ಆತನ ಹಟ. ತಾನೇ ಬೆಟ್ಟ ಹತ್ತಿ ಪರೀಕ್ಷಿಸಿ ಬರೆಯುತ್ತಿದ್ದನು. ಗೇರೆಂಬುದು ವಯಸ್ಸಾದವರ ಊರುಗೋಲೆಂದು ದೆಗ್ರಾಂಜನ ಮತ. ಆತನ ಪಂದ್ಯದಲ್ಲಿ ವೀರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಿಕೊಂಡು ಏರಬೇಕಾಗಿತ್ತು. ಚೈನನ್ನು ಸರಿಸುವ ಗೇರಿಗೆ ಆ ಪಂದ್ಯದಲ್ಲಿ ಪ್ರವೇಶ ದೊರೆತದ್ದು 1937ರಲ್ಲಿ, ದೆಗ್ರಾಂಜನು ಮೇಲ್ವಿಚಾರಣೆಯಿಂದ ಹಿಂದೆ ಸರಿದ ಮೇಲೆ. ಪ್ರವಾಸಿಗಳೇನೋ ಅದನ್ನು ಅಷ್ಟರಲ್ಲಾಗಲೇ ಬಳಸುತ್ತಿದ್ದರು. ವೆಲೋಸಿಯೊ ತೀರಿಕೊಂಡು ಏಳು ವರ್ಷಗಳಾಗಿದ್ದವು.

ಇಂಗ್ಲೆಂಡಿನ 'ಸೈಕ್ಲಿಂಗ್' ವಾರಪತ್ರಿಕೆ 1891ರಲ್ಲಿ ಹೊರಟಿತು. ಇಂದಿಗೂ 'ಸೈಕ್ಲಿಂಗ್ ವೀಕ್ಲಿ' ಎಂಬ ಹೆಸರಿನಿಂದ ಬದುಕಿದೆ. ಅದರ ಪುಟಗಳಿಗೆ ಫ್ರಾಂಕ್ ಪ್ಯಾಟರ್ಸನ್ 1893ರಿಂದ 1952ರವರೆಗೆ ಬರೆದ ಶಾಯಿಯ ಚಿತ್ರಗಳು ಕಾಲುದಾರಿ, ಹಳೆಯ ಸೇತುವೆ, ಹಳ್ಳಿಯ ಛತ್ರಗಳಿಂದ ತುಂಬಿದ್ದವು. ಅವುಗಳಲ್ಲಿ ಸೈಕಲ್ಲು ಗೋಡೆಗೊರಗಿ ನಿಂತಿರುವುದೇ ಹೆಚ್ಚು. ಸರಕು ಮಾರದೆ ಊರು ತೋರಿಸುವ ಚಿತ್ರಗಳವು. ಆದರೂ 1951ರಲ್ಲಿ ನಾಟಿಂಗ್‌ಹ್ಯಾಮಿನ ರ‍್ಯಾಲೆ ಕಾರ್ಖಾನೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳನ್ನು ಹೊರಗೆಡವಿದಾಗ, ಅವನ್ನು ಏರಿ ಗಿರಣಿಗೆ ಹೋಗುವವರಿಗೆ ಈ ವಾರಪತ್ರಿಕೆಯಿಂದ ಏನೂ ಆಗಬೇಕಾಗಿರಲಿಲ್ಲ. ಸೈಕಲ್ಲಿನ ಕಾಲ ಮುಗಿಯಿತೆಂದು ಹೆದರಿ ಪತ್ರಿಕೆ 1957ರಲ್ಲಿ 'ಸೈಕ್ಲಿಂಗ್ ಅಂಡ್ ಮೊಪೆಡ್ಸ್' ಎಂದು ಹೆಸರು ಬದಲಿಸಿ ಯಂತ್ರದ ಸೈಕಲ್ಲಿಗೆ ಜಾಗ ಕೊಟ್ಟಿತು. ಹಳೆಯ ಓದುಗರು ಮುಖ ತಿರುವಿದರು. ಮುಂದಿನ ದಶಕದಲ್ಲಿ ಆ ಬಾಲವನ್ನು ಕತ್ತರಿಸಬೇಕಾಯಿತು.

ಸಿರಿವಂತರು ತಮ್ಮ ಹಣದಿಂದ ಆಟವಾಡಿದರೆ ಬಡವನಿಗೇನು ನಷ್ಟವೆಂದು ಕೇಳಬಹುದು. ನಷ್ಟ ಉಂಟು. ಪತ್ರಿಕೆ ಹೊಗಳಿದ್ದನ್ನೇ ತಯಾರಕನು ಮಾಡುತ್ತಾನೆ, ಅಂಗಡಿಯವನು ತೂಗುಹಾಕುತ್ತಾನೆ. ಪಂದ್ಯದ ಸೈಕಲ್ಲಿನ ರೂಪವೇ ಎಲ್ಲರ ಸೈಕಲ್ಲಿನ ರೂಪವಾದಾಗ ಮಡ್‌ಗಾರ್ಡು ಹೋಯಿತು, ಕ್ಯಾರಿಯರು ಬಿಗಿಯುವ ತೂತು ಹೋಯಿತು, ಹ್ಯಾಂಡಲು ತಗ್ಗಿ ಬೆನ್ನು ಬಾಗಿತು. ಟೈರಿನ ಕಥೆ ಎಲ್ಲಕ್ಕಿಂತ ಖೇದಕರ. 23 ಮಿಲಿಮೀಟರಿನ ತೆಳು ಟೈರಿಗೆ ಕಲ್ಲಿನಂತಾಗುವಷ್ಟು ಗಾಳಿ ತುಂಬಿದರೇ ವೇಗವೆಂದು ಹತ್ತಾರು ವರ್ಷ ಬೋಧಿಸಲಾಯಿತು. ಸವಾರರ ಅಂಗೈ ಜೋಮು ಹಿಡಿಯಿತು. ಆ ಬೋಧನೆಗೆ ಆಧಾರವಾದ ಪರೀಕ್ಷೆಗಳು ನುಣುಪಾದ ಉಕ್ಕಿನ ಉರುಳೆಯ ಮೇಲೆ, ಸವಾರನಿಲ್ಲದೆ ನಡೆದಂಥವು. ಅಮೆರಿಕದಲ್ಲಿ 2002ರಲ್ಲಿ ಯಾನ್ ಹೈನೆ ಆರಂಭಿಸಿದ ತ್ರೈಮಾಸಿಕವೊಂದು, ಮುಂದೆ 'ಬೈಸಿಕಲ್ ಕ್ವಾರ್ಟರ್ಲಿ' ಎನಿಸಿದ್ದು, ಮನುಷ್ಯನನ್ನು ಕೂರಿಸಿ ನಿಜವಾದ ರಸ್ತೆಯ ಮೇಲೆ ಟೈರುಗಳನ್ನು ಉರುಳಿಸಿ ನೋಡಿತು. ಅಗಲದ ಟೈರು ನಿಧಾನವಲ್ಲ; ರಸ್ತೆಯ ಅದುರು ಸವಾರನ ಮೈಯಲ್ಲಿ ಶಕ್ತಿಯನ್ನು ನುಂಗುತ್ತದೆ ಎಂದು ಬರೆಯಿತು. ಮೊದಮೊದಲು ನಕ್ಕವರೇ ಹೆಚ್ಚು. ಇಂದು ಪಂದ್ಯದ ತಂಡಗಳೇ 28 ಮಿಲಿಮೀಟರು ಮತ್ತು ಅದಕ್ಕೂ ಅಗಲವಾದ ಟೈರುಗಳನ್ನು ಬಳಸುತ್ತವೆ. ಹೊಳಪು ಪತ್ರಿಕೆಗಳು ಅದನ್ನೇ ಹೊಸ ಸರಕೆಂದು ಮಾರುತ್ತಿವೆ!

ಸಾಮಾನ್ಯನ ಪಕ್ಷ ವಹಿಸಿದವರೂ ಸಂನ್ಯಾಸಿಗಳಲ್ಲ. ಹೈನೆ ಟೈರು ಮಾರುತ್ತಾನೆ. ವೆಲೋಸಿಯೊ ಸೈಕಲ್ ಅಂಗಡಿ ಇಟ್ಟಿದ್ದನು. ಪಂದ್ಯದ ವೇಷ ಕಳಚಿ ಸುಮ್ಮನೆ ಸವಾರಿ ಮಾಡಿರೆಂದು 2012ರಲ್ಲಿ 'ಜಸ್ಟ್ ರೈಡ್' ಎಂಬ ಪುಸ್ತಕ ಬರೆದ ಗ್ರಾಂಟ್ ಪೀಟರ್ಸನ್‌ನ ಕಂಪನಿಯ ಸೈಕಲ್ಲುಗಳೂ ಗುಮಾಸ್ತನ ಕೈಗೆಟುಕುವ ಬೆಲೆಯವಲ್ಲ. ಆದರೂ ಇವರು ತಾವು ಏರಿ ನೋಡಿದ್ದನ್ನು ಬರೆದರು, ಓದುಗನ ಮೈನೋವನ್ನು ಲೆಕ್ಕಕ್ಕೆ ತೆಗೆದುಕೊಂಡರು.

ಸಾಮಾನ್ಯ ಸವಾರನಿಗೆ ಸರಕಿಗಿಂತ ಮೊದಲು ಬೇಕಾದದ್ದು ರಸ್ತೆ. ಬ್ರಿಟನ್ನಿನಲ್ಲಿ 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘವು ಸದಸ್ಯರ ಚಂದಾದಿಂದ ತನ್ನ ಪತ್ರಿಕೆಯನ್ನು ಹೊರಡಿಸುತ್ತ ಬಂದಿದೆ. ಅದರಲ್ಲಿಯೂ ಜಾಹೀರಾತು ಉಂಟು. ಜೊತೆಗೆ ರಸ್ತೆಯ ಹಕ್ಕಿನ ಮಾತೂ ಉಂಟು. ಪಕ್ಕದಲ್ಲಿ ಸೈಕಲ್ ದಾರಿ ಇರುವಾಗ ವಾಹನಗಳ ರಸ್ತೆಯಲ್ಲಿ ಸವಾರಿ ಮಾಡಿ ಅಡ್ಡಿಪಡಿಸಿದನೆಂದು 2006ರಲ್ಲಿ ಸವಾರನೊಬ್ಬನಿಗೆ ಅಲ್ಲಿನ ನ್ಯಾಯಾಲಯವೊಂದು ದಂಡ ವಿಧಿಸಿತು. ಸಂಘವು ಆತನ ಬೆನ್ನಿಗೆ ನಿಂತಿತು, ಸವಾರರು ಕೈಲಾದಷ್ಟು ಹಣ ಕೂಡಿಸಿದರು, ಮೇಲ್ಮನವಿಯಲ್ಲಿ 2007ರಲ್ಲಿ ಆ ತೀರ್ಪು ಬಿದ್ದುಹೋಯಿತು. ಆತ ಏರಿದ್ದ ಸೈಕಲ್ಲು ಎಷ್ಟು ಗ್ರಾಮು ತೂಗುತ್ತಿತ್ತೆಂದು ಅಲ್ಲಿ ಯಾರೂ ಕೇಳಲಿಲ್ಲ.